ಗುರುವಾಗುವ ದೇಹ

ಕಾಪುವಿನ ಕಡಲತಡಿಯಿಂದ ಕಾರ್ಕಳದ ಗೊಮ್ಮಟಬೆಟ್ಟದವರೆಗೆ ಮಣಿಪಾಲದ ಆಸ್ಪತ್ರೆಯ ಋಣವಿಲ್ಲದ ಮನೆ ಅಪರೂಪವೆಂದರೆ ಉತ್ಪ್ರೇಕ್ಷೆಯಾಗದು. ಆ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದದ್ದು 1953ರಲ್ಲಿ. ಹಣವಿದ್ದರೆ ಕಟ್ಟಡವನ್ನು ಎಬ್ಬಿಸಬಹುದು, ಅಧ್ಯಾಪಕರನ್ನು ಕರೆಸಬಹುದು. ಆದರೆ ವೈದ್ಯವಿದ್ಯಾರ್ಥಿಗೆ ಮೊದಲ ವರ್ಷವೇ ಬೇಕಾಗುವ ಒಂದು ವಸ್ತು ಅಂಗಡಿಯಲ್ಲಿ ದೊರೆಯುವಂಥದಲ್ಲ. ಅದು ಮನುಷ್ಯನ ಮೃತದೇಹ. ಯಾರ ದೇಹ? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳದೇ ಒಂದು ಇತಿಹಾಸವಿದೆ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹವನ್ನು ಪರೀಕ್ಷಿಸುವ ವಿಧಾನವನ್ನು ಹೇಳಿದೆ. ಎಲ್ಲ ಅವಯವಗಳೂ ಇರುವ, ವಿಷದಿಂದ ಸಾಯದ, ದೀರ್ಘರೋಗದಿಂದ ನವೆಯದ, ನೂರು ವರ್ಷ ತುಂಬದ ದೇಹವನ್ನು ಆರಿಸಬೇಕು. ಅದನ್ನು ಹುಲ್ಲು, ನಾರುಗಳಿಂದ ಸುತ್ತಿ ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಕಡೆ ಏಳು ರಾತ್ರಿ ಇರಿಸಬೇಕು. ಬಳಿಕ ಲಾವಂಚದ ಬೇರು ಮುಂತಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಒಳಗಿನ ಅಂಗಗಳನ್ನೆಲ್ಲ ಕಣ್ಣಾರೆ ನೋಡಬೇಕು. ದೇಹ ಎಂಥದಿರಬೇಕೆಂದು ಇಷ್ಟು ಸೂಕ್ಷ್ಮವಾಗಿ ಹೇಳುವ ಈ ಭಾಗ, ಅದು ಯಾರದೆಂದು ಮಾತ್ರ ಹೇಳುವುದಿಲ್ಲ.

ಮುಂದೆ ಈ ಕಣ್ಣಾರೆ ನೋಡುವ ಪದ್ಧತಿ ನಮ್ಮಲ್ಲಿ ಮರೆಯಾಯಿತು. 1836ರಲ್ಲಿ ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ, ಹಿಂದೆ ಸಂಸ್ಕೃತ ಕಾಲೇಜಿನಲ್ಲಿ ವೈದ್ಯ ಕಲಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತರು ಮಡಿಮೈಲಿಗೆಯ ಅಂಜಿಕೆಯನ್ನು ಬದಿಗಿಟ್ಟು ಕತ್ತಿ ಹಿಡಿದರು. ಕತ್ತಿ ಹಿಡಿದವರ ಹೆಸರು ಉಳಿಯಿತು. ಮೇಜಿನ ಮೇಲೆ ಮಲಗಿದ್ದವನ ಹೆಸರನ್ನು ಯಾರೂ ಹೇಳುವುದಿಲ್ಲ.

ಅದಕ್ಕೆ ತುಸು ಮುಂಚೆ, 1828ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಮಂದಿಯನ್ನು ಕೊಂದು ಹೆಣಗಳನ್ನು ಅಂಗರಚನೆಯ ಪಾಠಶಾಲೆಗೆ ಮಾರಿದ್ದು ಬಯಲಾಗಿತ್ತು. ವಾರಸುದಾರರಿಲ್ಲದ ದೇಹಗಳನ್ನು ವೈದ್ಯಶಾಲೆಗಳಿಗೆ ಕೊಡಬಹುದೆಂದು 1832ರಲ್ಲಿ ಬ್ರಿಟನ್ನಿನಲ್ಲಿ ಕಾನೂನಾಯಿತು. ಕೊಲೆಯ ವ್ಯಾಪಾರ ನಿಂತಿತು. ಹೊರೆ ಮಾತ್ರ ದಿಕ್ಕಿಲ್ಲದ ಬಡವರ ಮೇಲೆ ಬಿತ್ತು. ನಮ್ಮ ದೇಶದ ಕಾನೂನುಗಳೂ ಅದೇ ಜಾಡಿನಲ್ಲಿ ನಡೆದವು. ಮುಂಬಯಿ ಪ್ರಾಂತದಲ್ಲಿ 1949ರಲ್ಲಿ, ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ಮರುವರ್ಷ, ಅಂದರೆ 1957ರಲ್ಲಿ, ಇಲ್ಲಿಯೂ ಅಂಥ ಕಾಯಿದೆ ಬಂತು. ಬದುಕಿದ್ದಾಗ ಯಾರೂ ವಿಚಾರಿಸದವನು ಸತ್ತ ಮೇಲೆ ವೈದ್ಯರಿಗೆ ಪಾಠ ಹೇಳಿದ. ಆದರೆ ನಿನಗೆ ಒಪ್ಪಿಗೆಯೆ ಎಂದು ಅವನನ್ನು ಕೇಳಿದವರಿಲ್ಲ.

ಸ್ವಂತ ಇಚ್ಛೆಯಿಂದ ಮಾಡುವ ದೇಹದಾನ ಈ ಕೊರತೆಯನ್ನು ತುಂಬುತ್ತದೆ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಅವರು 2008ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ದೇಹವನ್ನು ದಾನ ಮಾಡಲಾಯಿತು. 2010ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ, ಅಂಗರಚನೆಯ ಅಧ್ಯಾಪಕರಾಗಿದ್ದ ಮಗ ಡಾ. ಮಹಾಂತೇಶ ಅವರೇ ಆ ದೇಹವನ್ನು ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಬೆನ್ನೆಲುಬನ್ನು ಕೊಟ್ಟ ದಧೀಚಿಯ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದವನು ನಾನು. ದಧೀಚಿಯ ಎಲುಬು ವಜ್ರಾಯುಧವಾಯಿತು, ಕೊಲ್ಲುವುದಕ್ಕೆ. ಈ ತಂದೆಯ ಎಲುಬು ಪಾಠವಾಯಿತು, ಬದುಕಿಸುವುದಕ್ಕೆ.

ಸುಟ್ಟು ಬೊಜ್ಜ ಮಾಡದಿದ್ದರೆ ಸದ್ಗತಿಯುಂಟೆ ಎಂದು ನಿಮ್ಮ ಮನೆಯ ಹಿರಿಯರು ಕೇಳಿಯಾರು. ಆ ಅಳುಕನ್ನು ನಗೆಯಾಡಬಾರದು. ಅದು ಸತ್ತವರ ಮೇಲಿನ ಪ್ರೀತಿಯೇ. ದೇಹದಾನ ಮಾಡುವ ಮನಸ್ಸಿದ್ದವರು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಸಾಕ್ಷಿಗಳ ಸಹಿಯೊಡನೆ ಪತ್ರ ಬರೆದುಕೊಡಬಹುದು. ಅಂಟುರೋಗದಿಂದ ಸತ್ತ, ಇಲ್ಲವೆ ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸುಶ್ರುತನ ನಿಯಮಗಳ ನೆರಳು ಇಲ್ಲಿಯೂ ಇದೆ. ಆದರೆ ನೀವು ಬರೆದಿಟ್ಟ ಪತ್ರ ತಾನಾಗಿ ಎದ್ದು ಕಾಲೇಜಿಗೆ ಹೋಗಲಾರದು. ಆ ಗಳಿಗೆಯಲ್ಲಿ ಕಾಲೇಜಿಗೆ ತಿಳಿಸಬೇಕಾದವರು ನಿಮ್ಮ ಮಕ್ಕಳು. ಆದುದರಿಂದ ಈ ಮಾತನ್ನು ಅವರೊಡನೆ ಇಂದೇ, ಊಟದ ಹೊತ್ತಿನಲ್ಲಾದರೂ ಸರಿಯೆ, ಆಡಿಬಿಡುವುದು ಒಳ್ಳೆಯದು.