ಐವತ್ತರ ನೋಟಿನಲ್ಲಿ ನಮ್ಮ ಕಲ್ಲಿನ ತೇರು

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಐವತ್ತು ರೂಪಾಯಿಯ ನೋಟಿನ ಬಗ್ಗೆ ನಾಲ್ಕು ಮಾತು ಬರೆಯೋಣ ಎನ್ನಿಸಿತು. 2017ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಹೊಳೆಯುವ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ತೇರಿದೆ. ಹಿಂದಿನ ನೋಟಿನಲ್ಲಿ ಆ ಜಾಗದಲ್ಲಿ ಸಂಸತ್ ಭವನವಿತ್ತು.

ದುಡ್ಡಿನ ಮೇಲೆ ಚಿತ್ರ ಒತ್ತುವುದು ಈ ನೆಲಕ್ಕೆ ಹೊಸದಲ್ಲ. ವರಾಹ, ಹಣ ಎಂಬವು ವಿಜಯನಗರ ಕಾಲದ ನಾಣ್ಯಗಳ ಹೆಸರುಗಳೇ. ಕೃಷ್ಣದೇವರಾಯನ ನಾಣ್ಯದಲ್ಲಿ ಬಾಲಕೃಷ್ಣನಿದ್ದರೆ, ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡ.

ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ 1962ರಲ್ಲಿ ಇದನ್ನೇ ತಿರುವಿ ಮಾಡಿದ: ದುಡ್ಡನ್ನೇ ಚಿತ್ರವಾಗಿಸಿದ. ಒಂದು ಡಾಲರ್ ನೋಟಿನ ರೂಪವನ್ನು ಒಂದೇ ಕ್ಯಾನ್ವಾಸಿನ ಮೇಲೆ ಸಾಲಾಗಿ 200 ಸಲ ಒತ್ತಿದ. ನಮ್ಮಲ್ಲಿ ಮದುವೆಯ ತಾಂಬೂಲದ ಚೀಲಕ್ಕೆ ಹೆಸರು ಹಾಕುವ ಸ್ಕ್ರೀನ್ ಪ್ರಿಂಟಿಂಗೇ ಅವನ ವಿಧಾನ. ಜಾಲರಿ ಬಟ್ಟೆಯಲ್ಲಿ ಚಿತ್ರ ಬೇಕಾದಷ್ಟು ಕಡೆ ಮಾತ್ರ ತೆರೆದಿಟ್ಟು, ಮೇಲಿನಿಂದ ಬಣ್ಣ ಎಳೆಯುತ್ತಾರೆ. 2009ರ ಹರಾಜಿನಲ್ಲಿ ಆ ಚಿತ್ರ ಸುಮಾರು 4.37 ಕೋಟಿ ಡಾಲರ್‌ಗೆ ಹೋಯಿತು. ದಿನಬಳಕೆಯ ವಸ್ತುಗಳನ್ನು ಹೀಗೆ ಗೋಡೆಗೇರಿಸಿ, ಜನ ನಿಂತು ನೋಡುವಂತೆ ಮಾಡಿದ ಈ ಕಲೆಗೆ ಪಾಪ್ ಆರ್ಟ್ ಎಂದು ಹೆಸರು.

ನಮ್ಮ ತೇರಿನದು ಇದಕ್ಕೆ ತದ್ವಿರುದ್ಧ. ಜನ ದೇಶವಿದೇಶಗಳಿಂದ ಬಂದು ನೋಡುವ ಶಿಲ್ಪ ಈಗ ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ, ಕಂಪ್ಲಿಯ ಸಂತೆಯಲ್ಲಿ, ಸಂಡೂರಿನ ಕಿರಾಣಿ ಅಂಗಡಿಯಲ್ಲಿ ಕೈಯಿಂದ ಕೈಗೆ ದಾಟುತ್ತದೆ. ನಾವು ನೋಡುವುದು ಅಂಕಿಯನ್ನು, ತೇರನ್ನಲ್ಲ.

ನೋಡಿದರೂ ಒಂದು ಎಚ್ಚರ ಬೇಕು. ಅದು ನಿಜಕ್ಕೂ ತೇರಲ್ಲ, ತೇರಿನ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೋದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಆಮೇಲೆ ಆ ಗೋಪುರ ಇಲ್ಲವಾಯಿತು. ಮುಂದಿರುವ ಆನೆಗಳೂ ಮೊದಲಿನವಲ್ಲ. ಅವುಗಳ ಹಿಂದೆ ಕುದುರೆಗಳ ಗುರುತು ಇಂದಿಗೂ ಕಾಣುತ್ತದೆ. ನೋಟಿನಲ್ಲಿರುವುದು ಗೋಪುರ ಕಳೆದುಕೊಂಡ ಮೇಲಿನ ರೂಪ. ಕೋಟಿಗಟ್ಟಲೆ ಅಚ್ಚಾದದ್ದೇ ನಿಜವೆಂದು ಮುಂದಿನ ಮಕ್ಕಳು ನಂಬಿದರೆ, ಬಿದ್ದುಹೋದ ಗೋಪುರ ನೆನಪಿನಿಂದಲೂ ಬಿದ್ದುಹೋಗುತ್ತದೆ.

ಆದ್ದರಿಂದ ಗುರುಗಳಲ್ಲಿ ಒಂದು ವಿನಂತಿ. ಹಂಪಿಯ ಪಾಠ ಮಾಡುವ ದಿನ ಆ ಹಳೆಯ ಫೋಟೋವನ್ನೂ ಒಂದು ಐವತ್ತರ ನೋಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಎರಡರ ನಡುವೆ ಏನೇನು ಬದಲಾಗಿದೆ ಎಂದು ಮಕ್ಕಳೇ ಹುಡುಕಲಿ. ಇತಿಹಾಸ ಕಲಿಯಲು ಅದಕ್ಕಿಂತ ಅಗ್ಗದ ಪಠ್ಯ ಸಿಗಲಾರದು.