ಹುಟ್ಟಿದ ನೆಲದ ಗುರುತು: ಮೇರಿಲ್ಯಾಂಡ್ ಕುದುರೆ ಸಾಕಣೆದಾರರ ಸಂಘದ ಚರಿತ್ರೆ

ಹಳ್ಳಿಕಾರ್, ಅಮೃತಮಹಲ್, ಕಿಲಾರಿ ದನಗಳ ಕೊಂಬು, ಮೈಕಟ್ಟು ನೋಡಿಯೇ ನಮ್ಮ ರೈತರು ಅವು ಯಾವ ಸೀಮೆಯವೆಂದು ಹೇಳಿಬಿಡುತ್ತಾರೆ. ರೇಸಿನ ಥರೋಬ್ರೆಡ್ ಕುದುರೆಗೆ ಅಂಥ ಸೀಮೆಯ ಗುರುತಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ್ದಾಗಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದಾಗಲಿ, ಅದರ ಗಂಡುಸಂತತಿ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್ ಎಂಬ ಮೂರು ಮೂಲಗಳಲ್ಲಿ ಒಂದಕ್ಕೆ ಹೋಗಿ ಸೇರುತ್ತದೆ. 1791ರಲ್ಲಿ ಜೇಮ್ಸ್ ವೆದರ್ಬಿ ಇಂಗ್ಲೆಂಡಿನಲ್ಲಿ ವಂಶಾವಳಿ ಪುಸ್ತಕವನ್ನು ಪ್ರಕಟಿಸಲು ತೊಡಗಿದಂದಿನಿಂದ ಈ ತಳಿಗೆ ಪುಸ್ತಕವೇ ತವರು. ಹಾಗಿದ್ದ ಮೇಲೆ ಒಂದು ಪ್ರಾಂತ್ಯದ ಸಾಕಣೆದಾರರು ಸಂಘ ಕಟ್ಟಿಕೊಂಡು ‘ಇದು ನಮ್ಮ ಕುದುರೆ’ ಎನ್ನುವುದಕ್ಕೆ ಏನರ್ಥ? ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1929ರಲ್ಲಿ ಸ್ಥಾಪನೆಯಾದ ಕುದುರೆ ಸಾಕಣೆದಾರರ ಸಂಘದ ಚರಿತ್ರೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುತ್ತದೆ.

ಮೇರಿಲ್ಯಾಂಡಿನ ರೇಸು ಆ ದೇಶದ ಸ್ವಾತಂತ್ರ್ಯಕ್ಕಿಂತ ಹಳೆಯದು. ಅಲ್ಲಿನ ಜಾಕಿ ಕ್ಲಬ್ಬಿನ ಆರಂಭವನ್ನು 1743ಕ್ಕೆ ಒಯ್ಯಲಾಗುತ್ತದೆ. ಗವರ್ನರ್ ಸ್ಯಾಮ್ಯುಯೆಲ್ ಓಗಲ್ 1747ರಲ್ಲಿ ಸ್ಪಾರ್ಕ್ ಎಂಬ ಗಂಡನ್ನೂ ಕ್ವೀನ್ ಮ್ಯಾಬ್ ಎಂಬ ಹೆಣ್ಣನ್ನೂ ಇಂಗ್ಲೆಂಡಿನಿಂದ ತಂದು ಬೆಲ್‌ಏರ್ ತೋಟದಲ್ಲಿ ಕಟ್ಟಿದ. ಆತನ ಭಾವಮೈದುನ ಬೆಂಜಮಿನ್ ಟಾಸ್ಕರ್ ತರಿಸಿದ ಸೆಲಿಮಾ ಗಾಡಾಲ್ಫಿನ್ ಅರೇಬಿಯನ್ನನ ಮಗಳು. 1752ರ ಡಿಸೆಂಬರಿನಲ್ಲಿ ವರ್ಜೀನಿಯಾಕ್ಕೆ ಹೋಗಿ ಅಲ್ಲಿನ ಹೆಸರಾಂತ ಕುದುರೆಗಳನ್ನು ಸೋಲಿಸಿ ಬಂದಳು. ಇದೆಲ್ಲ ನಡೆದದ್ದು ಹೊಗೆಸೊಪ್ಪಿನ ಹಣದಿಂದ, ಗುಲಾಮರ ದುಡಿಮೆಯಿಂದ. ಸೆಲಿಮಾಳ ವಂಶ ಇಂದಿಗೂ ಪುಸ್ತಕದಲ್ಲಿದೆ. ಅಂಥ ಲಾಯಗಳಲ್ಲಿ ಮೈ ತಿಕ್ಕಿ, ರಾತ್ರಿಯಿಡೀ ಕಾದು ಮರಿ ಹಾಕಿಸಿದವರಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಸಿಗಲಿಲ್ಲ. ಕುದುರೆಯ ಚರಿತ್ರೆ ಬರೆಯುವವರು ಈ ಮಾತನ್ನು ಮರೆಯಬಾರದು.

ಸಂಘ ಹುಟ್ಟುವ ಕಾಲಕ್ಕೆ ಮೇರಿಲ್ಯಾಂಡಿಗೆ ಒಳ್ಳೆಯ ದಿನಗಳಿದ್ದವು. ನ್ಯೂಯಾರ್ಕಿನಲ್ಲಿ 1908ರ ಜೂಜುವಿರೋಧಿ ಕಾಯಿದೆಯ ಬಿಗಿತಕ್ಕೆ 1911 ಮತ್ತು 1912ರಲ್ಲಿ ರೇಸುಗಳೇ ನಿಂತವು. ಅದೇ ಹೊತ್ತಿಗೆ ಮೇರಿಲ್ಯಾಂಡಿನಲ್ಲಿ ಲಾರೆಲ್, ಹಾವ್ರ್ ಡಿ ಗ್ರೇಸ್, ಬೋವಿ ಮೈದಾನಗಳು ಒಂದರ ಹಿಂದೊಂದು ತೆರೆದುಕೊಂಡವು. 1920ರಲ್ಲಿ ರಾಜ್ಯವು ರೇಸಿಂಗ್ ಆಯೋಗವನ್ನು ರಚಿಸಿತು. ಓಡಿಸಲು ಜಾಗವಿತ್ತು, ಓಡುವ ಕುದುರೆಗಳೂ ಬರುತ್ತಿದ್ದವು. ಆದರೆ ಹೊರಗಿನವರು ಕುದುರೆ ತಂದು, ಬಹುಮಾನ ಗೆದ್ದು, ಗಂಟು ಕಟ್ಟಿಕೊಂಡು ಹೊರಟರೆ ಸ್ಥಳೀಯ ರೈತನಿಗೆ ದಕ್ಕುವುದೇನು? ಸಂಘದ ಮುಂದಿದ್ದ ಮೊದಲ ಪ್ರಶ್ನೆ ಇದೇ ಎಂಬುದು ಅದರ ಮುಂದಿನ ಕೆಲಸಗಳಿಂದ ತಿಳಿಯುತ್ತದೆ.

ಆರಂಭದ ದಶಕಗಳಲ್ಲಿ ಸಂಘದ ಬೆನ್ನೆಲುಬಾದವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಹಂಫ್ರಿ ಫಿನ್ನಿ. ಸಂಘ 1936ರಲ್ಲಿ ಆರಂಭಿಸಿದ ‘ದಿ ಮೇರಿಲ್ಯಾಂಡ್ ಹಾರ್ಸ್’ ಪತ್ರಿಕೆಯ ಸಂಪಾದಕರೂ ಅವರೇ; ಮುಂದೆ ಫ್ಯಾಸಿಗ್-ಟಿಪ್ಟನ್ ಹರಾಜು ಸಂಸ್ಥೆಯ ಮುಖ್ಯಸ್ಥರಾದರು. ಯಾರ ಫಾರ್ಮಿನಲ್ಲಿ ಯಾವ ಮರಿ ಹುಟ್ಟಿತು, ಯಾವ ಗಂಡಿನ ಮರಿಗಳು ಎಲ್ಲಿ ಗೆದ್ದವು ಎಂಬ ವರ್ತಮಾನವನ್ನು ಊರೂರಿನ ಸಾಕಣೆದಾರರಿಗೆ ಮುಟ್ಟಿಸಿದ್ದು ಆ ಪತ್ರಿಕೆ. ನನ್ನ ದೃಷ್ಟಿಯಲ್ಲಿ ಸಂಘವನ್ನು ಸಂಘವಾಗಿ ಉಳಿಸಿದ್ದು ಸಭೆಗಳಿಗಿಂತ ಹೆಚ್ಚಾಗಿ ಈ ಅಚ್ಚಿನ ಕಾಗದ.

1930ರ ದಶಕದಲ್ಲೇ ಶುರುವಾದ ಇನ್ನೊಂದು ಕೆಲಸ ಒಂದು ವರ್ಷ ತುಂಬಿದ ಮರಿಗಳ ಪ್ರದರ್ಶನ. ಬಾಲ್ಟಿಮೋರಿನ ಉತ್ತರಕ್ಕಿರುವ ಟಿಮೋನಿಯಮ್ ಜಾತ್ರೆ ಮೈದಾನದಲ್ಲಿ ಇದು ಇಂದಿಗೂ ನಡೆಯುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕಂಡವರಿಗೆ ಇದರ ಸೊಗಸು ಬಿಡಿಸಿ ಹೇಳಬೇಕಾಗಿಲ್ಲ. ಮೈ ಮಿರುಗುವಂತೆ ತಿಕ್ಕಿಸಿಕೊಂಡ ಮರಿಯನ್ನು ಅದರ ಆಳು ಹಗ್ಗ ಹಿಡಿದು ಕಣಕ್ಕೆ ತರುತ್ತಾನೆ. ತೀರ್ಪುಗಾರ ಮೊದಲು ಅದನ್ನು ನಿಲ್ಲಿಸಿ ಪಕ್ಕದಿಂದ ಭುಜದ ಓರೆ, ಬೆನ್ನು, ತೊಡೆ ನೋಡುತ್ತಾನೆ. ಆಮೇಲೆ ತನ್ನತ್ತ ನಡೆಸಿ, ತಿರುಗಿಸಿ, ದೂರ ನಡೆಸುತ್ತಾನೆ. ಮುಂಗಾಲು ನೇರ ಬೀಳುತ್ತದೆಯೇ, ಮಂಡಿ ಒಳಕ್ಕೆ ಬಾಗಿದೆಯೇ, ಗೊರಸು ಹೊರಕ್ಕೆ ತಿರುಗಿದೆಯೇ ಎಂಬುದು ಆ ಹತ್ತು ಹೆಜ್ಜೆಗಳಲ್ಲಿ ಗೊತ್ತಾಗುತ್ತದೆ. ಇನ್ನೂ ಬೆನ್ನಿಗೆ ಜೀನು ಕಾಣದ ಎಳೆಯ ಪ್ರಾಣಿ ಜನರ ಗದ್ದಲಕ್ಕೆ ಬೆದರುತ್ತದೆ, ಕಿವಿ ನಿಮಿರಿಸುತ್ತದೆ. ಸಾಕಿದವನು ಬೇಲಿಯಾಚೆ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ತನ್ನ ಮರಿಯ ದೋಷವನ್ನು ಪಕ್ಕದ ಮನೆಯವನ ಮರಿಯ ಜೊತೆಗಿಟ್ಟು ನೋಡುವ ಅವಕಾಶ ಸಾಕಣೆದಾರನಿಗೆ ಬೇರೆಲ್ಲೂ ಸಿಗದು.

ಸಂಘದ ಚರಿತ್ರೆಯ ನಿಜವಾದ ತಿರುವು 1962. ಆ ವರ್ಷ ಜಾರಿಗೆ ಬಂದ ‘ಮೇರಿಲ್ಯಾಂಡ್-ಬ್ರೆಡ್ ನಿಧಿ’ ಬಾಜಿ ಹಣದ ಒಂದು ಸಣ್ಣ ಪಾಲನ್ನು ತೆಗೆದಿಟ್ಟು, ರಾಜ್ಯದಲ್ಲಿ ಹುಟ್ಟಿದ ಕುದುರೆ ಗೆದ್ದಾಗ ಪ್ರೋತ್ಸಾಹಧನವಾಗಿ ಹಂಚುವ ಏರ್ಪಾಡು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರೇಸಿನ ಬಹುಮಾನ ಕುದುರೆಯ ಈಗಿನ ಮಾಲೀಕನಿಗೆ ಹೋಗುತ್ತದೆ. ಈ ನಿಧಿಯ ಹಣ ಮರಿಯನ್ನು ಹುಟ್ಟಿಸಿದವನಿಗೂ ಅದರ ತಂದೆಯಾದ ಗಂಡನ್ನು ಸಾಕಿದವನಿಗೂ ತಲುಪುತ್ತದೆ. ಮರಿಯನ್ನು ಎಳೆತನದಲ್ಲೇ ಅಗ್ಗಕ್ಕೆ ಮಾರಿದ ರೈತನೂ ಮೂರು ನಾಲ್ಕು ವರ್ಷದ ಮೇಲೆ ಅದು ಗೆದ್ದಾಗ ಚೆಕ್ಕು ಪಡೆಯುತ್ತಾನೆ. ಹೆಣ್ಣು ಕುದುರೆ ಗಬ್ಬ ಧರಿಸಿ ಮರಿ ಹಾಕಲು ಸುಮಾರು ಹನ್ನೊಂದು ತಿಂಗಳು ಬೇಕು. ಮರಿ ಓಟಕ್ಕೆ ಇಳಿಯಲು ಇನ್ನೆರಡು ವರ್ಷ. ಅಷ್ಟು ಕಾಲ ಖರ್ಚನ್ನೇ ಕಾಣುವವನಿಗೆ ಈ ಭರವಸೆ ಇಲ್ಲದಿದ್ದರೆ ಅವನು ತನ್ನ ಹೆಣ್ಣು ಕುದುರೆಯನ್ನು ಕೆಂಟಕಿಗೆ ಸಾಗಿಸುತ್ತಾನೆ, ಇಲ್ಲವೇ ಹೊಲವನ್ನು ಮನೆ ಕಟ್ಟುವವರಿಗೆ ಮಾರುತ್ತಾನೆ. ‘ಇಲ್ಲಿ ಹುಟ್ಟಿದ್ದು’ ಎಂಬ ಗುರುತಿಗೆ ಬೆಲೆ ಬಂದದ್ದು ಹೀಗೆ. ಆ ಗುರುತನ್ನು ಪರಿಶೀಲಿಸಿ ನೋಂದಾಯಿಸುವ ಹೊಣೆ ಸಂಘದ್ದಾಯಿತು. ಮೇಲುನೋಟಕ್ಕೆ ಗುಮಾಸ್ತಿಕೆ, ಆದರೆ ಇಡೀ ವ್ಯವಸ್ಥೆಯ ಪ್ರಾಮಾಣಿಕತೆ ನಿಂತಿರುವುದು ಆ ನೋಂದಣಿಯ ಮೇಲೆಯೇ.

ಹೆಸರಾಂತ ಗಂಡೊಂದು ಇದ್ದರೆ ಸಾಲದೇ ಎಂದು ಕೇಳಬಹುದು. ನಾರ್ದರ್ನ್ ಡ್ಯಾನ್ಸರ್ ಅದಕ್ಕೆ ಉತ್ತರ. ಕೆನಡಾದಲ್ಲಿ 1961ರಲ್ಲಿ ಹುಟ್ಟಿ, ಮರಿಯಾಗಿದ್ದಾಗ 25,000 ಡಾಲರಿಗೂ ಗಿರಾಕಿ ಸಿಗದೆ ಉಳಿದ ಈ ಗಿಡ್ಡ ಕುದುರೆ 1964ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್‌ನೆಸ್ ರೇಸುಗಳೆರಡನ್ನೂ ಗೆದ್ದಿತು. 1960ರ ದಶಕದ ಕೊನೆಗೆ ಮೇರಿಲ್ಯಾಂಡಿನ ಚೆಸಪೀಕ್ ಸಿಟಿಯ ವಿಂಡ್‌ಫೀಲ್ಡ್ಸ್ ಫಾರ್ಮಿಗೆ ಬಂದು, ಜಗತ್ತಿನ ಅತ್ಯಂತ ಪ್ರಭಾವಶಾಲಿ ಬೀಜದ ಕುದುರೆಯಾಯಿತು. 1980ರ ದಶಕದ ನಡುವೆ ಅದಕ್ಕೆ ಒಂದು ಹೆಣ್ಣು ಕೂಡಿಸಲು 10 ಲಕ್ಷ ಡಾಲರ್ ತನಕ ಕೊಟ್ಟವರಿದ್ದಾರೆ. ಆದರೆ ಹೆಣ್ಣು ಕುದುರೆಗಳು ಬಂದು, ಗಬ್ಬವಾಗಿ, ತಮ್ಮ ತಮ್ಮ ಊರಿಗೆ ಹಿಂತಿರುಗಿ ಮರಿ ಹಾಕಿದವು; ಅದರ ಮಗ ಸ್ಟಾರ್ಮ್ ಬರ್ಡ್ ಹುಟ್ಟಿದ್ದು ಕೆನಡಾದಲ್ಲಿ. 1988ರಲ್ಲಿ ವಿಂಡ್‌ಫೀಲ್ಡ್ಸಿನ ಮೇರಿಲ್ಯಾಂಡ್ ಶಾಖೆ ಮುಚ್ಚಿತು. 1990ರಲ್ಲಿ ಕುದುರೆಯೂ ತೀರಿಕೊಂಡಿತು. ಸಂಘ ಉಳಿಯಿತು.

ಸಣ್ಣವರು ಗೆದ್ದ ದಿನವೂ ಒಂದಿದೆ. 1983ರ ಪ್ರೀಕ್‌ನೆಸ್‌ನಲ್ಲಿ ಬಾನಿಫೇಸ್ ಕುಟುಂಬದ ಬೊನಿಟಾ ಫಾರ್ಮಿನ ಡೆಪ್ಯೂಟೆಡ್ ಟೆಸ್ಟಮೊನಿ ಯಾರೂ ನೆಚ್ಚದೆ ಇದ್ದರೂ ಮುಂದೆ ಬಂದಿತು. ಮೇರಿಲ್ಯಾಂಡಿನಲ್ಲೇ ಹುಟ್ಟಿದ ಕುದುರೆ. ಮೂರು ವರ್ಷದ ಮೇಲೆ, 1986ರ ಅಕ್ಟೋಬರಿನಲ್ಲಿ, ಕ್ರೀಡಾ ವೀಕ್ಷಕವಿವರಣೆಗೆ ಹೆಸರಾದ ಜಿಮ್ ಮೆಕೇ ಅವರ ಕನಸಾಗಿದ್ದ ‘ಮೇರಿಲ್ಯಾಂಡ್ ಮಿಲಿಯನ್’ ಲಾರೆಲ್ ಮೈದಾನದಲ್ಲಿ ಆರಂಭವಾಯಿತು. ಒಂದು ರಾಜ್ಯದ ಗಂಡುಗಳ ಸಂತತಿಗೇ ಮೀಸಲಾದ ಇಡೀ ದಿನದ ರೇಸು ಅದು; ಬೇರೆ ರಾಜ್ಯಗಳು ಅದನ್ನು ಅನುಸರಿಸಿದವು. ಸತತ 16 ಓಟ ಗೆದ್ದ ಸಿಗಾರ್ 1990ರಲ್ಲಿ ಹುಟ್ಟಿದ್ದೂ ಬೆಲ್ ಏರ್ ಊರಿನ ಕಂಟ್ರಿ ಲೈಫ್ ಫಾರ್ಮಿನಲ್ಲಿ.

ಆಮೇಲಿನದು ಕಷ್ಟದ ಕಾಲ. ನೆರೆಯ ಡೆಲವೇರ್, ವೆಸ್ಟ್ ವರ್ಜೀನಿಯಾ, ಪೆನ್ಸಿಲ್ವೇನಿಯಾ ರಾಜ್ಯಗಳು ಜೂಜಿನ ಯಂತ್ರಗಳ ಆದಾಯವನ್ನು ರೇಸಿನ ಬಹುಮಾನಕ್ಕೆ ಸುರಿದಾಗ ಕುದುರೆಗಳು ಆ ಕಡೆ ಹೊರಟವು. ಮೇರಿಲ್ಯಾಂಡಿನ ಮತದಾರರು 2008ರಲ್ಲಿ ಅಂಥ ಯಂತ್ರಗಳಿಗೆ ಒಪ್ಪಿಗೆ ಕೊಟ್ಟ ಮೇಲಷ್ಟೇ ಬಹುಮಾನಕ್ಕೂ ತಳಿ ನಿಧಿಗೂ ಚೈತನ್ಯ ಬಂದಿತು. ಹಾಗೆಂದು ನೆಮ್ಮದಿಯಿಂದ ಕೂರುವಂತಿಲ್ಲ. ಪರರ ಜೂಜಿನ ಹಣದ ಮೇಲೆ ನಿಂತ ಕೃಷಿಗೆ ಶಾಸನಸಭೆಯ ಪ್ರತಿ ಅಧಿವೇಶನವೂ ಒಂದು ಪರೀಕ್ಷೆ.

ನಾರ್ದರ್ನ್ ಡ್ಯಾನ್ಸರನ ರಕ್ತ ನಮ್ಮಲ್ಲಿಗೂ ಬಂದಿದೆ. 1987ರಲ್ಲಿ ಹುಟ್ಟಿದ ಅದರ ಮಗ ರಝೀನ್ ಭಾರತಕ್ಕೆ ಬಂದು ಅಗ್ರ ಬೀಜದ ಕುದುರೆಯೆನಿಸಿತು. ಕರ್ನಾಟಕದ ಕುದುರೆ ಸಾಕಣೆಯ ದಾರಿ ಮಾತ್ರ ಬೇರೆ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಫಾರ್ಮು ಕಂಪನಿ, ಅರಮನೆ, ಸರ್ಕಾರಗಳ ಕೈ ದಾಟಿ 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋಯಿತು. ಅದನ್ನು ನಡೆಸಿದ್ದು ಅಧಿಕಾರ ಮತ್ತು ಬಂಡವಾಳ, ರೈತರ ಸಂಘವಲ್ಲ. ಮೇರಿಲ್ಯಾಂಡಿನ ಚರಿತ್ರೆಯನ್ನು ಇಂದು ಬರೆಯಲು ಸಾಧ್ಯವಾಗಿರುವುದು ಸಂಘ ತನ್ನ ಪತ್ರಿಕೆ, ನೋಂದಣಿ ವಹಿಗಳನ್ನು ಜೋಪಾನ ಮಾಡಿದ್ದರಿಂದ. ಕುಣಿಗಲ್ಲಿನ ಲಾಯದ ವಹಿಗಳು, ಮರಿಗಳ ಪಟ್ಟಿಗಳು, ಅಲ್ಲಿ ತಲೆಮಾರುಗಳಿಂದ ದುಡಿದ ಕುಟುಂಬಗಳ ನೆನಪುಗಳು ಚದುರಿಹೋಗುವ ಮುನ್ನ ರಾಜ್ಯ ಪತ್ರಾಗಾರ ಇಲಾಖೆ ಅವನ್ನು ಸಂಗ್ರಹಿಸಬೇಕು. ತುಮಕೂರು ಸೀಮೆಯ ಸಂಶೋಧನಾ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದಾಗಬೇಕು.