ಅಸೆಂಬಲ್ಡ್ ಪಿಸಿ ಚರಿತ್ರೆ: ಗಾಂಧಿ ಬಜಾರಿಂದ ಎಸ್.ಪಿ. ರೋಡಿಗೆ

1/8
ಫೋಟೋದಲ್ಲಿ ಎರಡು ಮದರ್‌ಬೋರ್ಡ್ ಇದಾವೆ. ಎಡಗಡೆದು 1990ರ ದಶಕದ ಕೊನೆಯದು, ಬಲಗಡೆದು ಮೊನ್ನೆ ಮೊನ್ನೆ ಬಂದಿದ್ದು. ಚಿಪ್ಪು, ಸ್ಲಾಟು, ಬಣ್ಣ ಎಲ್ಲಾ ಬೇರೆ ಬೇರೆ. ಆದ್ರೆ ಸ್ಕ್ರೂ ಹಾಕೋ ತೂತುಗಳನ್ನ ಒಂದ್ಸಲ ನೋಡಿ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಅನ್ನೋ ಅಳತೆಯನ್ನ ಗೊತ್ತು ಮಾಡ್ತು. ಅದೇ ಅಳತೆ ಇವತ್ತಿಗೂ ನಡೀತಿದೆ. ಅಟ್ಟದ ಮೇಲೆ ಧೂಳು ತಿಂತಿರೋ ಹಳೇ ಎಟಿಎಕ್ಸ್ ಕ್ಯಾಬಿನೆಟ್ಟಿನೊಳಗೆ ಈ ವರ್ಷದ ಬೋರ್ಡು ಕೂರತ್ತೆ.

ಕ್ಲಾಸಲ್ಲಿ ಸುಮಾರು ಜನ ಕೇಳಿದ್ರಿ, ‘ಪಿಸಿ ತಗೋಬೇಕು, ಬ್ರ್ಯಾಂಡೆಡ್ಡಾ, ಅಸೆಂಬಲ್ಡಾ?’ ಅಂತ. ಉತ್ತರ ಹೇಳ್ತೀನಿ, ಆದ್ರೆ ಮೊದಲು ಈ ‘ಅಸೆಂಬಲ್ಡ್’ ಅನ್ನೋದು ನಮ್ಮೂರಿಗೆ ಹೇಗೆ ಬಂತು ಅಂತ ಕೇಳಿ. ಅದರಲ್ಲಿ ಎಲೆಕ್ಟ್ರಾನಿಕ್ಸ್ ಎಷ್ಟಿದೆಯೋ ಕಸ್ಟಮ್ಸ್ ಸುಂಕವೂ ಅಷ್ಟೇ ಇದೆ. ಬಿಕಾಂನವರಿಗೆ ಹೇಳಿ ಮಾಡಿಸಿದ ವಿಷಯ.

2/8
ಶುರು ಆಗೋದು ಅಮೆರಿಕದಲ್ಲಿ. 1981ರ ಆಗಸ್ಟ್ 12ಕ್ಕೆ ಐಬಿಎಂ ತನ್ನ ಪಿಸಿಯನ್ನ ಬಿಡುಗಡೆ ಮಾಡ್ತು. ಬೆಲೆ 1,565 ಡಾಲರ್, ಮೆಮೊರಿ ಬರೀ 16 ಕೆಬಿ. ಬೇಗ ಮುಗಿಸಬೇಕು ಅನ್ನೋ ಆತುರದಲ್ಲಿ ಅವರು ಹೊರಗಿನ ಸಾಮಾನನ್ನೇ ಕೊಂಡು ಜೋಡಿಸಿದ್ರು: ಪ್ರೊಸೆಸರ್ ಇಂಟೆಲ್‌ದು, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ದು. ಯಂತ್ರದ ಒಳಗಿನ ನಕ್ಷೆಯನ್ನೂ ಪುಸ್ತಕ ಮಾಡಿ ಮಾರಿದ್ರು. ಐಬಿಎಂ ಕೈಯಲ್ಲಿ ಭದ್ರವಾಗಿ ಉಳಿದಿದ್ದು ಬಯಾಸ್ ಅನ್ನೋ ಪುಟ್ಟ ಪ್ರೋಗ್ರಾಂ ಒಂದೇ. ಕಾಂಪ್ಯಾಕ್ ಕಂಪನಿ ಅದನ್ನೂ ಕಾನೂನಿಗೆ ಸಿಕ್ಕಿಬೀಳದ ಹಾಗೆ ಹೊಸದಾಗಿ ಬರೀತು. ಆಮೇಲೆ ಯಾರು ಬೇಕಾದ್ರೂ ಪಿಸಿ ಮಾಡಬಹುದು ಅನ್ನೋ ಹಾಗಾಯ್ತು. ಇವತ್ತು ನೀವು ಒಂದಂಗಡೀಲಿ ರ್‍ಯಾಮ್, ಇನ್ನೊಂದಂಗಡೀಲಿ ಎಸ್‌ಎಂಪಿಎಸ್ ತಗೊಂಡು ಮನೇಲಿ ಕೂತು ಜೋಡಿಸ್ತೀರಲ್ಲ, ಅದಕ್ಕೆ ಬೇರು ಇಲ್ಲಿದೆ.

3/8
ಅದೇ ಐಬಿಎಂ ನಮ್ಮ ದೇಶ ಬಿಟ್ಟು ಹೋಗಿ ಆಗಲೇ ಮೂರು ವರ್ಷ ಆಗಿತ್ತು. ವಿದೇಶಿ ಕಂಪನಿಯ ಷೇರು 40% ಮೀರಬಾರದು ಅಂತ ಸರ್ಕಾರ ಹೇಳ್ತು, ಅವರು ಒಪ್ಪಲಿಲ್ಲ, 1978ರಲ್ಲಿ ಗಂಟುಮೂಟೆ ಕಟ್ಟಿದ್ರು. ಖಾಲಿಯಾದ ಆ ಜಾಗಕ್ಕೆ ನಮ್ಮವರು ಬಂದ್ರು. ಅಡುಗೆ ಎಣ್ಣೆ, ವನಸ್ಪತಿ ಮಾರ್ತಿದ್ದ ವಿಪ್ರೋ 1980ರ ದಶಕದ ಶುರುವಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಒಂದು ತಂಡ ಕಟ್ಟಿ, ಇಂಟೆಲ್‌ನ 8086 ಚಿಪ್ಪಿನ ಮೇಲೆ ಮಿನಿಕಂಪ್ಯೂಟರ್ ಮಾಡ್ತು. ಮುಂದೆ ಅವರ ಸೂಪರ್ ಜೀನಿಯಸ್ ಪಿಸಿ ಎಷ್ಟೋ ಆಫೀಸುಗಳ ಮೇಜಿನ ಮೇಲೆ ಕೂತಿತ್ತು. (2013ರಲ್ಲಿ ಪಿಸಿ ತಯಾರಿಸೋದನ್ನೇ ನಿಲ್ಲಿಸಿದ್ರು.)

1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಸುಂಕ, ಲೈಸೆನ್ಸು ಸಡಿಲ ಮಾಡ್ತು. ಎರಡೇ ವರ್ಷಕ್ಕೆ, 1986ರಲ್ಲಿ, ನಮ್ಮೂರಲ್ಲಿ ಪ್ಯೂಟ್ರಾನಿಕ್ಸ್ ಅನ್ನೋ ಕಂಪನಿ ಹುಟ್ಟಿತು. ಹೆಸರು ಕೇಳಿಲ್ವಾ? ಎಸ್.ಎಸ್. ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡೋಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ, ಮಗ ಭರತ್ ಗೋಯೆಂಕಾ ತಾವೇ ಬರೆದ್ರು. ಅದೇ ಟ್ಯಾಲಿ. ಪ್ರಾಕ್ಟಿಕಲ್ ಪರೀಕ್ಷೇಲಿ ನಮ್ಮ ಪ್ರಾಣ ತಿನ್ನೋದು ಇದೇ ಊರಿನ ಕೂಸು.

ಆದ್ರೂ ಬಿಡಿಭಾಗ ದುಬಾರಿಯೇ ಇತ್ತು. ಬೆಲೆ ನಿಜವಾಗಿ ಇಳಿಸಿದ್ದು ಡಬ್ಲ್ಯೂಟಿಒದ ಮಾಹಿತಿ ತಂತ್ರಜ್ಞಾನ ಒಪ್ಪಂದ. ಭಾರತ 1997ರಲ್ಲಿ ಅದಕ್ಕೆ ಸೇರ್ತು, ಕಂಪ್ಯೂಟರಿನ ಮೇಲಿನ ಆಮದು ಸುಂಕ ಹಂತ ಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆ ಆಯ್ತು. ಇಂಟರ್‌ನ್ಯಾಷನಲ್ ಬಿಸಿನೆಸ್ ಪೇಪರಿನಲ್ಲಿ ಎರಡು ಮಾರ್ಕಿಗೆ ಬರೋ ವಿಷಯ ಇದು. ನಿಮ್ಮನೆಗೆ ಮೊದಲ ಕಂಪ್ಯೂಟರ್ ಯಾವ ವರ್ಷ ಬಂತು ಅಂತ ಅಪ್ಪ ಅಮ್ಮನ್ನ ಕೇಳಿ ನೋಡಿ.

4/8
ಈಗ ಎಸ್.ಪಿ. ರೋಡು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಟೌನ್ ಹಾಲ್ ಹಿಂಭಾಗದಿಂದ ನಗರ್ತಪೇಟೆ ಕಡೆಗೆ ಹೋಗೋ ಇಕ್ಕಟ್ಟಿನ ಬೀದಿ. ಇಲ್ಲಿ ಯಾಕೆ ಕಂಪ್ಯೂಟರ್ ಅಂಗಡಿಗಳು? ನಮ್ಮ ಪೇಟೆಯ ಗುಣವೇ ಹಂಗೆ. ಕೆಂಪೇಗೌಡರ ಕಾಲದಿಂದ ಒಂದೊಂದು ಕಸುಬಿಗೆ ಒಂದೊಂದು ಬೀದಿ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ. ಹೊಸ ಕಾಲಕ್ಕೂ ಅದೇ ಪದ್ಧತಿ ಮುಂದುವರೀತು. ಹಳೇ ಪುಸ್ತಕಕ್ಕೆ ಅವೆನ್ಯೂ ರೋಡು, ಕಾರಿನ ಸ್ಪೇರಿಗೆ ಜೆ.ಸಿ. ರೋಡು, ರ್‍ಯಾಮಿಗೆ ಎಸ್.ಪಿ. ರೋಡು. ಒಂದೇ ಸಾಮಾನು ಮಾರೋ ಹತ್ತು ಅಂಗಡಿ ಒಟ್ಟಿಗಿದ್ರೆ ಗಿರಾಕಿಗೆ ಬೆಲೆ ಹೋಲಿಸೋದು ಸುಲಭ. ಅಂಗಡಿಯವರಿಗೂ ಅನುಕೂಲ. ತನ್ನ ಹತ್ರ ಇಲ್ದಿದ್ರೆ ‘ಎರಡು ನಿಮಿಷ ಕೂತ್ಕೊಳಿ ಸಾರ್’ ಅಂದು ಹುಡುಗನ್ನ ಪಕ್ಕದಂಗಡಿಗೆ ಓಡಿಸ್ತಾರೆ.

ನಮ್ಮ ಬಸವನಗುಡಿ ಹುಟ್ಟಿದ್ದು ಇದಕ್ಕೆ ಉಲ್ಟಾ. 1898ರ ಪ್ಲೇಗ್ ಹೊತ್ತಿನಲ್ಲಿ ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಂದು ನೆಲೆಸಿದ ಬಡಾವಣೆ ಇದು, ಅಗಲ ರಸ್ತೆ, ಮರ, ಗಾಳಿ. ಹಾಗಾಗಿ ಗಾಂಧಿ ಬಜಾರಿನಲ್ಲಿ ಹೂವು, ಹಣ್ಣು, ಗ್ರಂಧಿಗೆ ಸಾಮಾನು, ವಿದ್ಯಾರ್ಥಿ ಭವನದ ದೋಸೆ ಎಲ್ಲಾ ಸಿಗತ್ತೆ, ಎಸ್‌ಎಂಪಿಎಸ್ ಬೇಕು ಅಂದ್ರೆ ಪೇಟೆಗೇ ಇಳೀಬೇಕು.

ಇನ್ನೊಂದು ಮಾತು ಸೇರಿಸ್ತೀನಿ. ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಲ್ಲಿ ಮೊದಲ ಬೀದಿ ದೀಪ ಹತ್ತಿದ್ದು 1905ರ ಆಗಸ್ಟ್ 5ಕ್ಕೆ, ಈಗಿನ ಕೆ.ಆರ್. ಮಾರ್ಕೆಟ್ ಸುತ್ತ. ಅಂದ್ರೆ ಎಸ್.ಪಿ. ರೋಡಿಗೆ ಕೂಗಳತೆ ದೂರದಲ್ಲಿ.

5/8
ಈ ಸರಣೀಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ನಿಧಾನಕ್ಕೆ ಓದಿ.

ಒಂದು ಕಾಲದಲ್ಲಿ ‘ಕನ್ನಡ’ ಅನ್ನೋದೇ ಒಂದು ಹಾರ್ಡ್‌ವೇರ್ ಬಿಡಿಭಾಗ ಆಗಿತ್ತು. ನಿಜವಾಗ್ಲೂ! ಡಾಸ್ ಕಾಲದ ಪಿಸಿಗೆ ನಮ್ಮ ಲಿಪಿ ತೋರಿಸೋಕೆ ಬರ್ತಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸವನ್ನ ಪುಣೆಯ ಸಿ-ಡ್ಯಾಕ್ ಮುಂದುವರಿಸಿ ಜಿಸ್ಟ್ ಕಾರ್ಡ್ ಅಂತ ಒಂದನ್ನ ತಂತು. ಇವತ್ತು ಗ್ರಾಫಿಕ್ಸ್ ಕಾರ್ಡ್ ಚುಚ್ಚೋ ಹಾಗೆ ಅದನ್ನ ಮದರ್‌ಬೋರ್ಡಿನ ಸ್ಲಾಟಿಗೆ ಚುಚ್ಚಬೇಕಿತ್ತು. ಆಗ ಪರದೆ ಮೇಲೆ ಕನ್ನಡ, ಹಿಂದಿ, ತಮಿಳು ಮೂಡ್ತಿತ್ತು. ಕಾರ್ಡ್ ಇಲ್ದಿದ್ರೆ ಕನ್ನಡವೂ ಇಲ್ಲ. ಗೇಮ್ ಓಡ್ತಿಲ್ಲ ಅಂತ ನೀವು ಕಾರ್ಡ್ ತಗೋತೀರಿ, ಅವರು ‘ಅ ಆ ಇ ಈ’ಗೋಸ್ಕರ ತಗೋತಿದ್ರು.

ಆಮೇಲೆ ಕೆಲಸ ಸಾಫ್ಟ್‌ವೇರಿಗೆ ಬಂತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನ ಸರ್ಕಾರ ಒಪ್ಪಿತು, ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ಅದೇ ವಿನ್ಯಾಸದ ಮೇಲೆ ‘ನುಡಿ’ ಮಾಡ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಕನ್ನಡ ಫಾಂಟೇ ಇತ್ತು, ಆದ್ರೆ ಅದು ತಾನಾಗಿ ಚಾಲೂ ಆಗ್ತಿರಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಒಂದು ಟಿಕ್ ಹಾಕಿದ್ರೆ ಅದು ವಿಂಡೋಸ್ ಸಿಡಿ ಕೇಳೋದು. ಸಿಡಿ ಕಳೆದುಹೋಗಿದ್ರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಿದ್ದಿರ್ತಿದ್ವು.

ನಾವೀಗ ಫೋನಲ್ಲಿ ಹೆಬ್ಬೆರಳಲ್ಲಿ ಕನ್ನಡ ಕುಟ್ಟೋಕೆ ಎಷ್ಟು ಜನ ಎಷ್ಟು ವರ್ಷ ಕೂತು ಕೆಲಸ ಮಾಡಿದ್ರು ಅಂತ ಈ ಕಾರ್ಡಿನ ಬಗ್ಗೆ ಓದೋವರೆಗೂ ನನಗೆ ಗೊತ್ತಿರಲಿಲ್ಲ.

6/8
ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ಡಿಟಿಪಿ ಅಂಗಡಿ ಇದೆ. ಹೆಸರು ಬೇಡ, ಅಂಕಲ್‌ಗೆ ಫೋಟೋ ಎಲ್ಲಾ ಇಷ್ಟ ಇಲ್ಲ. ಮದುವೆ ಕಾರ್ಡು, ಸಂಘದ ಸ್ಮರಣ ಸಂಚಿಕೆ, ಸ್ವಂತ ಖರ್ಚಲ್ಲಿ ಪುಸ್ತಕ ಹಾಕಿಸೋರ ಕವನ ಸಂಕಲನ, ಇಂಥ ಕೆಲಸ. ಅಲ್ಲೊಂದು ಅಸೆಂಬಲ್ಡ್ ಪಿಸಿ, ಇಪ್ಪತ್ತು ವರ್ಷ ದಾಟಿದ್ದು. ಎಕ್ಸ್‌ಪಿ, ಪೇಜ್‌ಮೇಕರ್, ನುಡಿ. ಹೊಸ ಪಿಸಿ ಪಕ್ಕದಲ್ಲೇ ಇದೆ, ಆದ್ರೂ ಹಳೇದನ್ನ ಬಿಡೋ ಹಾಗಿಲ್ಲ. ಪೇಜ್‌ಮೇಕರಿನ ಕೊನೆ ಆವೃತ್ತಿ ಬಂದಿದ್ದು 2001ರಲ್ಲಿ, ಆ ಫೈಲನ್ನ ಹೊಸ ಯಂತ್ರದಲ್ಲಿ ತೆಗೆಯೋದೇ ಕಷ್ಟ. ಹಳೇ ಫಾಂಟಿನ ಪಠ್ಯ ಬೇರೆ ಕಡೆ ತೆಗೆದ್ರೆ ಇಂಗ್ಲಿಷ್ ಅಕ್ಷರ, ಆಶ್ಚರ್ಯ ಚಿಹ್ನೆ, ತಲೆ ಮೇಲೆ ಟೋಪಿ ಹಾಕ್ಕೊಂಡ ಯೂರೋಪಿನ ಅಕ್ಷರಗಳ ರಾಶಿ ಕಾಣತ್ತೆ. ಯೂನಿಕೋಡಿಗೆ ಬದಲಾಯಿಸಿದ್ರೂ ಅರ್ಕಾವತ್ತು ಅಲ್ಲಲ್ಲಿ ಎಡವತ್ತೆ, ಮತ್ತೆ ಸಾಲು ಸಾಲು ಪ್ರೂಫ್ ನೋಡಬೇಕು. ಬರೆದವರು ತೀರಿಹೋಗಿ ಈಗ ಮಕ್ಕಳು ಬಂದು ‘ಅಪ್ಪನ ಪುಸ್ತಕ ಇನ್ನೊಂದು ನೂರು ಪ್ರತಿ ಬೇಕಿತ್ತು’ ಅಂತಾರೆ. ಕೆಲವು ಪುಸ್ತಕದ ಪುಟಗಳು ಆ ಡಿಸ್ಕಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ.

ಹೋದ ತಿಂಗಳು ಆ ಯಂತ್ರ ಏಳಲಿಲ್ಲ. ಫ್ಯಾನು ಒಂದು ಸುತ್ತು ತಿರುಗಿ ನಿಲ್ತಿತ್ತು. ‘ನೋಡಪ್ಪಾ, ನೀನೇನೋ ಇದೆಲ್ಲಾ ಬಿಚ್ತೀಯಂತೆ’ ಅಂದ್ರು ಅಂಕಲ್.

ಮೊದಲು ಡಿಸ್ಕ್ ಕಳಚಿದ್ವಿ. ಇದನ್ನ ನೆನಪಿಡಿ: ಯಂತ್ರ ಆಮೇಲೆ, ಡೇಟಾ ಮೊದಲು. ಅದು ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕು. ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸಿ, ಹಿಂದಿನ ಜಂಪರನ್ನ ‘ಮಾಸ್ಟರ್’ ಜಾಗದಲ್ಲಿಟ್ಟು, ಎಲ್ಲಾ ಕಾಪಿ ಮಾಡ್ಕೊಂಡ್ವಿ. ಆಮೇಲೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದ್ವಿ, ಬದಲಾವಣೆ ಇಲ್ಲ. ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನ ರಬ್ಬರಲ್ಲಿ ಉಜ್ಜಿ ಹಾಕಿದ್ವಿ, ಇಲ್ಲ. ಟಾರ್ಚ್ ಬಿಟ್ಟು ಪ್ರೊಸೆಸರ್ ಸುತ್ತ ನೋಡಿದಾಗ ಗೊತ್ತಾಯ್ತು: ನಾಲ್ಕು ಕೆಪಾಸಿಟರ್ ನೆತ್ತಿ ಉಬ್ಬಿಸ್ಕೊಂಡು ಕೂತಿದ್ವು, ಒಂದರಿಂದ ಕಂದು ದ್ರವ ಸೋರಿ ಒಣಗಿತ್ತು.

ಇದಕ್ಕೂ ಒಂದು ಚರಿತ್ರೆ ಇದೆ. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಎಷ್ಟೋ ಕೆಪಾಸಿಟರುಗಳಲ್ಲಿ ಒಳಗಿನ ದ್ರವವೇ ಸರಿ ಇರಲಿಲ್ಲ. ಪ್ರಪಂಚದಾದ್ಯಂತ ಬೋರ್ಡುಗಳು ಹೀಗೇ ಉಬ್ಬಿ ಸತ್ವು. ಅದನ್ನ ‘ಕೆಪಾಸಿಟರ್ ಪ್ಲೇಗ್’ ಅಂತಲೇ ಕರೀತಾರೆ. ಈಗಿನ ಬೋರ್ಡುಗಳಲ್ಲಿ ಹೆಚ್ಚಾಗಿ ದ್ರವ ಇಲ್ಲದ ಗಟ್ಟಿ ಕೆಪಾಸಿಟರ್ ಇರತ್ತೆ.

ಎಸ್.ಪಿ. ರೋಡಿನ ಒಂದು ಮಹಡಿ ಮೇಲೆ, ಒಬ್ಬರೇ ಕೂರೋವಷ್ಟು ಜಾಗದಲ್ಲಿ, ಒಬ್ಬರು ನಾಲ್ಕನ್ನೂ ಕಿತ್ತು ಅದೇ ವೋಲ್ಟಿನ, ಅದೇ ಮೈಕ್ರೋಫ್ಯಾರಡ್ಡಿನ ಹೊಸದನ್ನ ಬೆಸುಗೆ ಹಾಕಿ ಕೊಟ್ರು. ಸಾಮಾನಿನ ಬೆಲೆ ಚಿಲ್ಲರೆ ಕಾಸು, ಕೂಲಿಯೇ ಜಾಸ್ತಿ. ಅದು ನ್ಯಾಯವೇ. ಯಂತ್ರ ಒಂದು ಸಣ್ಣ ಬೀಪ್ ಕೊಟ್ಟು ಎದ್ದಿತು. ಒಂದು ಬೀಪ್ ಅಂದ್ರೆ ‘ಎಲ್ಲಾ ಸರಿ’, ಇದು 1981ರ ಐಬಿಎಂ ಪಿಸಿಯಿಂದ ಬಂದ ಅಭ್ಯಾಸ. ತಾರೀಖು ಮಾತ್ರ ಇಪ್ಪತ್ತು ವರ್ಷ ಹಿಂದಿನದು ತೋರಿಸ್ತಿತ್ತು. ನಾಣ್ಯದ ಹಾಗಿರೋ 3 ವೋಲ್ಟಿನ ಸಿಆರ್2032 ಬ್ಯಾಟರಿ ಬದಲಾಯಿಸಿದ ಮೇಲೆ ಅದೂ ಸರಿ ಹೋಯ್ತು.

7/8
ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಟ್ಯಾಲಿ, ಎಕ್ಸೆಲ್, ಪಾಠದ ವಿಡಿಯೋ ಅಷ್ಟೇ ಆದ್ರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಗ್ರಾಫಿಕ್ಸ್ ಒಳಗೇ ಇರೋ ಪ್ರೊಸೆಸರ್ ತಗೊಳ್ಳಿ. ಉಳಿದ ದುಡ್ಡನ್ನ ಎಸ್‌ಎಂಪಿಎಸ್‌ಗೆ ಹಾಕಿ. ಎಲ್ಲರೂ ಕೊನೇಲಿ, ಮಿಕ್ಕಿದ್ದರಲ್ಲಿ ತಗೊಳ್ಳೋದು ಅದನ್ನೇ, ಕೆಟ್ಟಾಗ ಜೊತೇಲಿ ಬೇರೆಯವನ್ನೂ ಎಳ್ಕೊಂಡು ಹೋಗೋದೂ ಅದೇ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರೋದನ್ನ ನಂಬಬೇಡಿ.

ರ್‍ಯಾಮ್‌ನಲ್ಲಿ ಡಿಡಿಆರ್3, 4, 5 ಒಂದಕ್ಕೊಂದು ಆಗಲ್ಲ, ಪ್ರತಿ ತಲೆಮಾರಿಗೂ ಕಚ್ಚಿನ ಜಾಗವನ್ನೇ ಬದಲಾಯಿಸಿದಾರೆ. ಕೂರ್ತಿಲ್ಲ ಅಂದ್ರೆ ಒತ್ತಬೇಡಿ, ನೋಡಿ. ಹಿಂದಿನವರ ಪಾಡು ಇನ್ನೂ ಕಷ್ಟ. ಎಟಿ ಕಾಲದ ಬೋರ್ಡಿಗೆ ಕರೆಂಟಿನ ಪ್ಲಗ್ಗು ಎರಡಿರ್ತಿತ್ತು, ಕಪ್ಪು ವೈರುಗಳು ನಡುವೆ ಪಕ್ಕಪಕ್ಕ ಬರಬೇಕು. ಅದಲು ಬದಲಾದ್ರೆ ಬೋರ್ಡು ಸುಟ್ಟುಹೋಗೋ ಸಾಧ್ಯತೆ ಇತ್ತು.

ರ್‍ಯಾಮ್ ಬೆಲೆ 2025ರ ಕೊನೆಯಿಂದ ಏರಿದೆ. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನ ಬಾಚಿ ಕೊಳ್ತಿವೆ, ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಮುಚ್ತೀನಿ ಅಂತು. ಅದಕ್ಕೇ ಹೇಳೋದು, ಮನೇಲಿ ಹಳೇ ಪಿಸಿ ಇದ್ರೆ ಮೊದಲು ಅದನ್ನ ನೋಡಿ. 2003ರಿಂದ ಈಚೆಗೆ ಬಂದ ಸಾಟಾ ಕನೆಕ್ಟರ್ ಅದರಲ್ಲಿದ್ರೆ ಇವತ್ತಿನ ಸಾಟಾ ಎಸ್‌ಎಸ್‌ಡಿ ನೇರವಾಗಿ ಕೂರತ್ತೆ, ನಿಧಾನಕ್ಕೆ ತೆವಳ್ತಿದ್ದ ಯಂತ್ರ ಎದ್ದು ಓಡತ್ತೆ.

8/8
ಕೊನೇದು ಲೆಕ್ಕ. ಆದಾಯ ತೆರಿಗೆ ಪ್ರಕಾರ ಕಂಪ್ಯೂಟರಿಗೆ ಸವಕಳಿ 40%. ವ್ಯಾಪಾರಕ್ಕೆ ಅಂತ ತಗೊಂಡ 30,000 ರೂಪಾಯಿಯ ಪಿಸಿ, ಇಳಿಯೋ ಬಾಕಿಯ ಮೇಲೆ ಹಾಕಿದ್ರೆ, ಐದು ವರ್ಷಕ್ಕೆ ಪುಸ್ತಕದಲ್ಲಿ 2,333 ರೂಪಾಯಿ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅದೂ ಇಲ್ಲ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0, ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ಅಂಥ ಪಿಸಿಗೆ ಲಿನಕ್ಸ್ ಹಾಕ್ಕೊಡ್ತೀನಿ, ತಗೊಂಡು ಬನ್ನಿ. ಗುಜರಿಗೆ ಕೊಡೋಕೆ ಮುಂಚೆ ನನಗೊಂದು ಮೆಸೇಜ್ ಹಾಕಿ ಸಾಕು.

ಹೊಸದೇ ತಗೊಳ್ಳೋದಾದ್ರೆ: ನ್ಯಾಷನಲ್ ಕಾಲೇಜ್ ಮೆಟ್ರೋ ಹತ್ತಿ, ಮುಂದಿನ ಸ್ಟೇಷನ್ ಕೆ.ಆರ್. ಮಾರ್ಕೆಟ್, ಅಲ್ಲಿಂದ ನಡಿಗೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರ್ತವೆ. ‘ಬಿಲ್ ಬೇಕಾ, ಬಿಲ್ ಇಲ್ದೆ ಆದ್ರೆ ಕಮ್ಮಿ’ ಅಂತ ಯಾರಾದ್ರೂ ಕೇಳಿದ್ರೆ ಬಿಲ್ಲೇ ಬೇಕು ಅನ್ನಿ. 18% ಜಿಎಸ್‌ಟಿ ಉಳೀತು ಅಂತ ಖುಷಿ ಪಟ್ರೆ ಆಮೇಲೆ ವಾರಂಟಿ ಕೇಳೋವಾಗ ಕೈಯಲ್ಲಿ ಕಾಗದ ಇರಲ್ಲ. ಬಿಲ್ಲಲ್ಲಿ ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಬರೆಸಿ, ಡಬ್ಬಿ ಮೇಲಿನ ನಂಬರಿಗೆ ಅಲ್ಲೇ ತಾಳೆ ನೋಡಿ.

ಅಂಕಲ್ ಡಿಸ್ಕಿನ ಕಾಪಿ ಈಗ ಎರಡು ಕಡೆ ಇದೆ. ನುಡಿಯಿಂದ ಯೂನಿಕೋಡಿಗೆ ಬದಲಾಯಿಸಿದ ಪುಟಗಳಲ್ಲಿ ಅರ್ಕಾವತ್ತು ತಿದ್ದೋಕೆ ಕೈಗಳು ಬೇಕಾಗಿವೆ. ಶನಿವಾರ ಮಧ್ಯಾಹ್ನ ಬಿಡುವಿರೋರು, ಕನ್ನಡ ಚೆನ್ನಾಗಿ ಓದೋರು, ಕೆಳಗೆ ಕಾಮೆಂಟ್ ಹಾಕಿ. ಕಾಫಿ ಅಂಕಲ್ ಕೊಡಿಸ್ತಾರಂತೆ.

#ಗಾಂಧಿಬಜಾರ್ #ಎಸ್‌ಪಿರೋಡ್ #ಅಸೆಂಬಲ್ಡ್‌ಪಿಸಿ #ನಮ್ಮೂರಚರಿತ್ರೆ